ಮನೆಯ ಕೆಳಗೆ ಗಾಳಿ ಆಡಲಿ

ನಮ್ಮಲ್ಲಿ ಪಾಯ ತೆಗೆಯುವವರು ಗಟ್ಟಿ ನೆಲ ಸಿಗುವವರೆಗೂ ಅಗೆಯುತ್ತಾರೆ. ಕೆನಡಾದ ಧ್ರುವ ಪ್ರದೇಶದ ಇನುವಿಕ್‌ನಂಥ ಊರಿನಲ್ಲಿ ಅಗೆದು ಬಿಸಿಲಿಗೆ ಬಿಟ್ಟರೆ, ಕಲ್ಲಿನಂತಿದ್ದ ನೆಲವೇ ಕೆಸರಾಗುತ್ತದೆ. ಅಲ್ಲಿರುವುದು ಪರ್ಮಾಫ್ರಾಸ್ಟ್, ಅಂದರೆ ಕನಿಷ್ಠ ಎರಡು ವರ್ಷ ಸತತವಾಗಿ ಸೊನ್ನೆ ಡಿಗ್ರಿ ದಾಟದ ನೆಲ. ಬಂಡೆಯಾದರೆ ಚಿಂತೆಯಿಲ್ಲ. ಮಣ್ಣಿನ ನಡುವೆ ಮಂಜುಗಡ್ಡೆ ತುಂಬಿಕೊಂಡಿದ್ದರೆ, ಅದು ಕರಗಿ ಹರಿದುಹೋದಷ್ಟೂ ನೆಲ ಕುಸಿಯುತ್ತದೆ, ಅದೂ ಒಂದೊಂದು ಕಡೆ ಒಂದೊಂದು ಥರ. ಮೊದಲು ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ. ಆಮೇಲೆ ಕಿಟಕಿಯ ಮೂಲೆಯಿಂದ ಓರೆ ಬಿರುಕು.

ಧ್ರುವ ಪ್ರದೇಶದ ಹವಾಮಾನ ನೀತಿ ಎಂದಾಕ್ಷಣ ಎಲ್ಲರೂ ಶೃಂಗಸಭೆಗಳ ಮಾತೆತ್ತುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಕೆಲಸಕ್ಕೆ ಬರುವುದು ಕೆನಡಾ 2014ರಲ್ಲಿ ತಂದ ಎಸ್500, ಎಸ್501 ಎಂಬ ಕಟ್ಟಡ ಮಾನದಂಡಗಳು. ಮೊದಲನೆಯದು ಥರ್ಮೋಸೈಫನ್, ಅಂದರೆ ನೆಲದ ಶಾಖವನ್ನು ಹೊರಗೆ ಸಾಗಿಸಿ ಅದನ್ನು ಹೆಪ್ಪುಗಟ್ಟಿದಂತೆಯೇ ಇಡುವ ಕೊಳವೆ, ಇರುವ ಪಾಯದ ಬಗ್ಗೆ, ಎರಡನೆಯದು ಈಗಾಗಲೇ ನಿಂತಿರುವ ಕಟ್ಟಡದ ಕೆಳಗೆ ನೆಲ ಕರಗತೊಡಗಿದರೆ ಏನು ಮಾಡಬೇಕೆಂಬ ಬಗ್ಗೆ.

ಹಳೆಯ ಉಪಾಯ ಸರಳ: ಮನೆಯನ್ನು ಕಂಬಗಳ ಮೇಲೆ ಎತ್ತಿ ಕೆಳಗೆ ಚಳಿಗಾಳಿ ಓಡಾಡಲು ಬಿಡುವುದು. ಒಳಗಿನ ಬಿಸಿ ನೆಲ ಮುಟ್ಟುವ ಮೊದಲೇ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಪ್ರತಿ ಬೇಸಿಗೆಯಲ್ಲಿ ಕರಗುವ ಮೇಲ್ಪದರವನ್ನು ದಾಟಿ ಕಂಬ ಆಳಕ್ಕೆ ಇಳಿದಿರಬೇಕು, ಏಕೆಂದರೆ ಭಾರ ಹೊರುವುದು ಬಹುಪಾಲು ಅದರ ಮೈಗೆ ಹೆಪ್ಪುಗಟ್ಟಿ ಅಂಟಿದ ಮಣ್ಣು. ಆ ಹಿಡಿತ ಸಡಿಲವಾಗಲು ನೆಲ ಕರಗಲೇಬೇಕೆಂದಿಲ್ಲ. −4 ಡಿಗ್ರಿಯಿಂದ −1ಕ್ಕೆ ಏರಿದರೂ ಸಾಕು.

ಈ ಏರ್ಪಾಡನ್ನು ಕೆಡಿಸುವವರು ಹೆಚ್ಚಾಗಿ ಅಲ್ಲಿ ವಾಸಿಸುವವರೇ. ಒಳಗೆ ಕಾಲು ತಣ್ಣಗಾಗುತ್ತದೆಂದು ಸುತ್ತ ಪ್ಲೈವುಡ್ ಬಡಿಯುತ್ತಾರೆ, ಕೆಳಗೆ ದೋಣಿ, ಸೌದೆ ತುಂಬುತ್ತಾರೆ. ರಸ್ತೆಯ ಹಿಮವನ್ನು ಗೋಡೆಗೆ ಒತ್ತಿ ರಾಶಿ ಹಾಕುತ್ತಾರೆ. ಹಿಮ ತಂಪು ಮಾಡುತ್ತದೆ ಅಂದುಕೊಂಡರೆ ಮೋಸ ಹೋದಂತೆಯೇ: ಅದು ಕಂಬಳಿ, ಚಳಿ ನೆಲಕ್ಕಿಳಿಯದಂತೆ ತಡೆಯುತ್ತದೆ. ವಸಂತದಲ್ಲಿ ಅದೇ ರಾಶಿಯ ನೀರು ಕಂಬದ ಬುಡದಲ್ಲಿ ನಿಲ್ಲುತ್ತದೆ. ಇದಕ್ಕೆ ಬೇಕಾದ ಮದ್ದು ಒಂದು ಸಲಿಕೆ, ಮನೆಯಿಂದ ಹೊರಕ್ಕೆ ಇಳಿಜಾರು, ಅಷ್ಟೇ.

ವಾಹನ ಒಳಗೆ ಬರಬೇಕಾದ ಗ್ಯಾರೇಜನ್ನು ಕಂಬದ ಮೇಲೆ ಎತ್ತಲಾಗದು. ಅಲ್ಲಿ ಕಾಂಕ್ರೀಟ್ ನೆಲದಡಿ ಶಾಖನಿರೋಧಕ ಹಲಗೆ, ಅದರಡಿ ಜಲ್ಲಿಯಲ್ಲಿ ಥರ್ಮೋಸೈಫನ್ ಕೊಳವೆ. ಒಳಗೆ ಒತ್ತಡದಲ್ಲಿ ತುಂಬಿದ ಇಂಗಾಲದ ಡೈಆಕ್ಸೈಡ್. ನೆಲದ ಶಾಖಕ್ಕೆ ಅದು ಆವಿಯಾಗಿ ಮೇಲೇರುತ್ತದೆ, ಹೊರಗಿರುವ ರೆಕ್ಕೆಯಂಥ ತಗಡುಗಳಲ್ಲಿ ತಣಿದು ದ್ರವವಾಗಿ ಮರಳುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಅಲಾಸ್ಕಾದ ತೈಲ ಕೊಳವೆ ಮಾರ್ಗದ ಆಧಾರ ಕಂಬಗಳಲ್ಲೂ ಇದೇ ತತ್ವದ ಸುಮಾರು 1,24,000 ಕೊಳವೆಗಳಿವೆ, ಅವುಗಳಲ್ಲಿ ಅಮೋನಿಯಾ. ಅನಿಲ ಸೋರಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಕಡುಚಳಿಯ ರಾತ್ರಿ ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿಯಬೇಕು: ಕೆಲಸ ಮಾಡುವ ತಗಡು ಸುತ್ತಲ ಗಾಳಿಗಿಂತ ಬೆಚ್ಚಗಿರುತ್ತದೆ, ಕೆಟ್ಟದ್ದು ಗಾಳಿಯಷ್ಟೇ ತಣ್ಣಗೆ.

ಆದರೆ ಹೊರಗಿನ ಗಾಳಿ ನೆಲಕ್ಕಿಂತ ತಣ್ಣಗಿದ್ದರೆ ಮಾತ್ರ ಇದು ನಡೆಯುವುದು. ಚಳಿಗಾಲ ಕುಗ್ಗಿದಷ್ಟೂ ಕೆಲಸದ ದಿನಗಳು ಕಡಿಮೆ. ಹಳೆಯ ಹವಾಮಾನ ದಾಖಲೆ ನಂಬಿ ಲೆಕ್ಕ ಹಾಕಿದ ಪಾಯ ಅಲ್ಲೇ ಎಡವುತ್ತದೆ.

ಹಾಗಾಗಿ ಕಟ್ಟುವಾಗಲೇ ನೆಲದೊಳಗೆ ಬೇರೆಬೇರೆ ಆಳದಲ್ಲಿ ತಾಪಮಾಪಕಗಳಿರುವ ತಂತಿ ಇಳಿಸಿಡಬೇಕು, ಕರಗುವಿಕೆ ಅತಿ ಆಳಕ್ಕೆ ಹೋಗುವ ಬೇಸಿಗೆಯ ಕೊನೆಯಲ್ಲಂತೂ ತಪ್ಪದೆ ಓದಬೇಕು. ಸೊನ್ನೆಯ ಹತ್ತಿರ ಅಳತೆ ಅಲುಗದೆ ನಿಂತರೆ ನೆಮ್ಮದಿ ಪಡಬೇಡಿ. ಬಂದ ಶಾಖವೆಲ್ಲ ಮಂಜುಗಡ್ಡೆ ಕರಗಿಸುವುದಕ್ಕೇ ಖರ್ಚಾಗುತ್ತಿರುವುದರಿಂದ ಅಂಕಿ ಏರುತ್ತಿಲ್ಲ.