ಕುದುರೆಗಳು ತಪ್ಪಿಸಿಕೊಂಡಿರಲಿಲ್ಲ

ನಮ್ಮ ಕೆಲಸದಲ್ಲಿ ದಿನಕ್ಕೊಂದು ವರದಿ ಬರೆಯಬೇಕು. ಎಷ್ಟು ಗಂಟೆಗೆ ಹೊರಟೆವು, ಎಷ್ಟಕ್ಕೆ ತಲುಪಿದೆವು, ಯಾರ ರಕ್ತದಲ್ಲಿ ಆಮ್ಲಜನಕ ಎಷ್ಟಿತ್ತು, ಯಾರು ಊಟ ಬಿಟ್ಟರು, ತಡವಾಗಿದ್ದರೆ ಏಕೆ, ಎಲ್ಲವೂ ಅದರಲ್ಲಿರಬೇಕು. ಲಡಾಖಿನಲ್ಲಿ ಚಾರಣ ತಂಡಗಳ ಮುಂದಾಳಾಗಿ ಅದು ನನ್ನ ಎರಡನೆಯ ವರ್ಷ. ‘ತಡಕ್ಕೆ ಕಾರಣ’ ಎಂಬ ಜಾಗದಲ್ಲಿ ನಾನು ಮೂರು ಪದ ಬರೆದೆ: ‘ರಾತ್ರಿ ಕುದುರೆಗಳು ತಪ್ಪಿಸಿಕೊಂಡವು.’ ಆ ಮೂರು ಪದಗಳಿಂದ ಇಬ್ಬರು ಕುದುರೆಯವರ ಒಂದು ದಿನದ ಬಾಡಿಗೆ ಹೋಯಿತು. ಬರೆದದ್ದು ಪೂರ್ತಿ ನಿಜವಲ್ಲ ಎಂಬುದು ಬರೆಯುವಾಗಲೇ ನನಗೆ ಗೊತ್ತಿತ್ತು.

ದಾರಿ ರುಮ್ತ್ಸೆಯಿಂದ ಕೊರ್ಜೋಕ್‌ಗೆ. ರುಮ್ತ್ಸೆ ಲೇಹ್‌–ಮನಾಲಿ ಹೆದ್ದಾರಿಯ ಮೇಲಿನ ಹಳ್ಳಿ, ಕೊರ್ಜೋಕ್ ಇರುವುದು ತ್ಸೊ ಮೊರಿರಿ ಸರೋವರದ ದಡದಲ್ಲಿ. ನಡುವೆ ಏಳೆಂಟು ದಿನದ ನಡಿಗೆ. ಘಟ್ಟಕ್ಕೆ ಅಲ್ಲಿಯವರು ‘ಲಾ’ ಎನ್ನುತ್ತಾರೆ. ದಿನಕ್ಕೊಂದು, ಕೆಲವು ದಿನ ಎರಡು ಲಾ ದಾಟಬೇಕು, ಅವುಗಳಲ್ಲಿ ಹಲವು 5,000 ಮೀಟರ್ ಮೀರಿದವು. ನಕ್ಷೆಯಲ್ಲಿ ‘ಕ್ಯಾಂಪ್’ ಎಂದು ಬರೆದ ಕಡೆ ಹೋಗಿ ನೋಡಿದರೆ ಕಾಣುವುದು ಒಂದು ತೊರೆ, ಹಿಂದಿನವರು ಡೇರೆಯ ಹಗ್ಗಕ್ಕೆ ಒತ್ತಿಟ್ಟ ನಾಲ್ಕು ಕಲ್ಲು, ಒಣಗಿದ ಲದ್ದಿ. ಶೌಚಾಲಯವಿಲ್ಲ, ನಲ್ಲಿಯಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಮರವೂ ಇಲ್ಲ. ಮರ ಇಲ್ಲದಿರುವುದು ಎಷ್ಟು ದೊಡ್ಡ ಸಂಗತಿ ಎಂದು ಕುದುರೆ ಜೊತೆಗಿಲ್ಲದವರಿಗೆ ಹೊಳೆಯುವುದಿಲ್ಲ. ಅಮೆರಿಕದ ರಾಕಿ ಪರ್ವತಗಳಲ್ಲಿ ಕುದುರೆಗಳೊಂದಿಗೆ ಬೀಡು ಬಿಡುವವರು ಎರಡು ಮರಗಳ ನಡುವೆ ತಲೆಗಿಂತ ಎತ್ತರದಲ್ಲಿ ಹಗ್ಗ ಬಿಗಿದು ಸಾಲಾಗಿ ಕಟ್ಟುತ್ತಾರೆ. ಇಲ್ಲಿ ಮರಳು ಮಿಶ್ರಿತ ನೆಲ, ಗೂಟ ಹೊಡೆದರೆ ಕುದುರೆ ಒಮ್ಮೆ ತಲೆ ಕೊಡವಿದರೆ ಸಾಕು, ಗೂಟವೂ ಬಂತು ಹಗ್ಗವೂ ಬಂತು. ಹಾಗಾಗಿ ಮುಂಗಾಲೆರಡನ್ನೂ ಗಿಡ್ಡ ಹಗ್ಗದಿಂದ ಜೋಡಿಸಿ, ಮುಂದಾಳು ಕುದುರೆಯ ಕೊರಳಿಗೆ ಗಂಟೆ ಕಟ್ಟಿ ಮೇಯಲು ಬಿಡುತ್ತಾರೆ. ಕಾಲಿಗೆ ಹಗ್ಗ ಹಾಕಿದ ಕುದುರೆ ಓಡಲಾರದು ನಿಜ. ಆದರೆ ಕುಪ್ಪಳಿಸುತ್ತ ಕುಪ್ಪಳಿಸುತ್ತ ಬೆಳಗಾಗುವಷ್ಟರಲ್ಲಿ ಅದು ಎಷ್ಟು ದೂರ ಹೋಗಬಲ್ಲದು ಎಂದು ನಾನು ಕಣ್ಣಾರೆ ನೋಡಿದ್ದೇನೆ.

ಆ ಸಲ ಏಳು ಜನ ಚಾರಣಿಗರು, ಹನ್ನೊಂದು ಕುದುರೆ, ಇಬ್ಬರು ಕುದುರೆಯವರು. ಹಿರಿಯವರನ್ನು ನಾನು ‘ಅಚೋ ಲೇ’ ಎಂದು ಕರೆಯುತ್ತಿದ್ದೆ. ಲಡಾಖಿ ಮಾತಿನಲ್ಲಿ ಅಚೋ ಎಂದರೆ ಅಣ್ಣ, ‘ಲೇ’ ಮರ್ಯಾದೆಗೆ. ನಮ್ಮಲ್ಲಿ ಯಾರಿಗಾದರೂ ‘ಲೇ’ ಅಂದರೆ ಜಗಳಕ್ಕೆ ಕರೆದಂತೆ, ಅಲ್ಲಿ ಅನ್ನದಿದ್ದರೆ ಜಗಳ. ಮೊದಲ ವರ್ಷ ಅದನ್ನು ಉಚ್ಚರಿಸುವಾಗಲೆಲ್ಲ ನನ್ನ ಮಲೆನಾಡಿನ ನಾಲಗೆ ಹಿಂಜರಿಯುತ್ತಿತ್ತು.

ಸಂಜೆ ಕುದುರೆಗಳ ಹೇರು ಇಳಿಸುವುದನ್ನು ನೋಡುವುದು ನನಗೆ ಇಷ್ಟ. ಒಂದು ಕುದುರೆಗೆ ಸುಮಾರು 60 ಕಿಲೋ, ಎರಡು ಮಗ್ಗುಲಿಗೂ 30ರಂತೆ. ಒಂದು ಕಡೆ ಎರಡು ಕಿಲೋ ಹೆಚ್ಚಾದರೂ ಜೀನು ವಾಲುತ್ತದೆ, ವಾಲಿದ ಕಡೆ ಬೆನ್ನು ಉಜ್ಜುತ್ತದೆ. ಅದಕ್ಕೇ ನಾವು ಬೆಳಗ್ಗೆ ಸ್ಪ್ರಿಂಗ್ ತಕ್ಕಡಿ ಹಿಡಿದು ನಿಲ್ಲುತ್ತೇವೆ. (ಚೀಲದ ತಳದಲ್ಲಿ ಹೇರ್ ಡ್ರೈಯರ್ ಇಟ್ಟುಕೊಂಡು ಬಂದವರನ್ನು ಕಂಡಿದ್ದೇನೆ. ವಿದ್ಯುತ್ತೇ ಇಲ್ಲದ ಎಂಟು ದಿನಕ್ಕೆ!) ಹೇರಿನ ಗಂಟು ಎಷ್ಟು ಜಟಿಲವಾಗಿ ಕಂಡರೂ ತುದಿಯೊಂದನ್ನು ಎಳೆದರೆ ಒಂದೇ ಏಟಿಗೆ ಬಿಚ್ಚಿಕೊಳ್ಳುತ್ತದೆ, ಕುದುರೆ ಹೊಳೆಯಲ್ಲಿ ಬಿದ್ದರೆ ಗಂಟು ಬಿಡಿಸುತ್ತ ಕೂರುವುದಕ್ಕೆ ಆಗುತ್ತದೆಯೇ? ಹೇರು ಇಳಿಸಿದರೂ ಅಚೋ ಲೇ ಬೆನ್ನಿನ ಕಂಬಳಿಯನ್ನು ಕೂಡಲೇ ತೆಗೆಯುತ್ತಿರಲಿಲ್ಲ. ಬಿಸಿಯಾದ, ಬೆವೆತ ಬೆನ್ನಿಗೆ ಆ ಗಾಳಿ ನೇರವಾಗಿ ತಾಗಬಾರದು. ಅರ್ಧ ಗಂಟೆ ಬಿಟ್ಟು, ಕಂಬಳಿಯ ಕೆಳಗೆ ಅಂಗೈ ತೂರಿಸಿ ನೋಡಿ, ಆಮೇಲೆ ತೆಗೆಯುತ್ತಿದ್ದರು. ಕಂಬಳಿ ಹೋದದ್ದೇ ತಡ, ಕುದುರೆ ಮೊಣಕಾಲು ಮಡಚಿ ದೂಳಿನಲ್ಲಿ ಬಿದ್ದು ನಾಲ್ಕೂ ಕಾಲು ಮೇಲೆ ಮಾಡಿ ಹೊರಳಾಡುತ್ತಿತ್ತು. ಕಂದು ಕುದುರೆಗಳ ಹೆಗಲ ಮೇಲಿನ ಬಿಳಿ ಕೂದಲ ಮಚ್ಚೆಗಳನ್ನು ನಾನು ಹುಟ್ಟುಬಣ್ಣ ಎಂದುಕೊಂಡಿದ್ದೆ. ‘ಅಲ್ಲ ಸರ್, ಅದು ಹಳೆಯ ಹುಣ್ಣು. ಜೀನು ಒತ್ತಿದ ಕಡೆ ಮತ್ತೆ ಬರುವ ಕೂದಲು ಬಿಳಿ. ಕುದುರೆ ಕೊಳ್ಳುವಾಗ ಹಲ್ಲು ನೋಡುವ ಮೊದಲು ಇದನ್ನು ನೋಡಬೇಕು, ಹಿಂದಿನ ಯಜಮಾನ ಎಂಥವನು ಎಂದು ಗೊತ್ತಾಗುತ್ತದೆ’ ಎಂದರು ಅಚೋ ಲೇ.

ಈಗ ಆ ಸಂಜೆಗೆ ಬರುತ್ತೇನೆ.

ತ್ಸೊ ಕರ್ ಸರೋವರವನ್ನು ಹಿಂದೆ ಬಿಟ್ಟು ಬಂದಿದ್ದೆವು. ಅದರ ನೀರು ಉಪ್ಪು. ದಡದುದ್ದಕ್ಕೂ ಬಿಳಿ ಪೊರೆ ಕಟ್ಟಿರುತ್ತದೆ, ಹೆಸರಿನ ಅರ್ಥವೇ ಬಿಳಿ ಸರೋವರ. ಅದರ ಪಕ್ಕದ ಚಿಕ್ಕ ಸರೋವರ ಸ್ಟಾರ್ತ್ಸಪುಕ್ ತ್ಸೊದ ನೀರು ಸಿಹಿ. ಎರಡೂ ಸೇರಿದ ಜೌಗು 2020ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ಪಟ್ಟಿ, ಸೇರಿತು. ಅಲ್ಲಿಂದ ಮುಂದಿನ ನುರುಚೆನ್ ಎಂಬಲ್ಲಿ ಹಿಂದಿನ ರಾತ್ರಿ ತಂಗಿದ್ದೆವು, ಕುದುರೆಗಳು ಹೊಟ್ಟೆ ತುಂಬ ಮೇದಿದ್ದವು. ಮರುದಿನ ಹೊರ್ಲಾಮ್ ಕೊಂಗ್ಕಾ ಲಾ ದಾಟಿ ರಾಚುಂಗ್ಕರು ಕಣಿವೆಗೆ ಇಳಿದಾಗ ಮಧ್ಯಾಹ್ನ ಮೂರು ಗಂಟೆ. ಚಾಂಗ್ಪಾ ಜನ ಪಶ್ಮೀನಾ ಮೇಕೆಗಳನ್ನೂ ಯಾಕ್‌ಗಳನ್ನೂ ಹೊಡೆದುಕೊಂಡು ಬಂದು ತಂಗುವ ಜಾಗ ಅದು. ಆಗಸ್ಟ್ ಮುಗಿಯುತ್ತ ಬಂದಿತ್ತು, ಮಂದೆಗಳು ಬಂದು ಹೋಗಿದ್ದವು. ದೂರದಿಂದ ಹಸಿರು ಕಾಣುತ್ತಿದ್ದ ನೆಲದ ಬಳಿ ಹೋದರೆ ಹುಲ್ಲು ಕ್ಷೌರ ಮಾಡಿದ ಗಲ್ಲದಂತೆ ಇತ್ತು.

ಅಚೋ ಲೇ ಅದನ್ನು ಬೂಟಿನ ತುದಿಯಿಂದ ಒಮ್ಮೆ ಕೆದಕಿ, ‘ಸರ್, ಇನ್ನು ಒಂದು ಗಂಟೆ ಹೋಗೋಣ. ಆ ಓರೆಯ ಹಿಂದೆ ಇನ್ನೊಂದು ಕಣಿವೆ ಇದೆ, ಹುಲ್ಲಿದೆ. ಅಲ್ಲಿ ಮೇಯಿಸುವವರು ನನಗೆ ಗೊತ್ತು, ಕೇಳಿಕೊಳ್ಳುತ್ತೇನೆ’ ಎಂದರು.

ನಾನು ಆಗುವುದಿಲ್ಲ ಎಂದೆ. ಅದಕ್ಕೆ ಕಾರಣವಿತ್ತು, ಈಗಲೂ ಆ ಕಾರಣ ಸರಿಯೆಂದೇ ನನ್ನ ಅಭಿಪ್ರಾಯ. ಮೈಸೂರಿನಿಂದ ಬಂದಿದ್ದ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿಗೆ ಬೆಳಗಿನಿಂದ ತಲೆನೋವು, ಆಮ್ಲಜನಕ 76ಕ್ಕೆ ಇಳಿದಿತ್ತು. ಅವರನ್ನು ಇನ್ನೊಂದು ಗಂಟೆ ನಡೆಸುವುದು ಸಾಧ್ಯವಿರಲಿಲ್ಲ.

‘ಸರಿ, ಡೇರೆ ಇಲ್ಲೇ ಇರಲಿ. ಹೇರು ಇಳಿಸಿ ನಾನು ಕುದುರೆಗಳನ್ನು ಅಲ್ಲಿಗೆ ಒಯ್ಯುತ್ತೇನೆ, ರಾತ್ರಿ ಅಲ್ಲೇ ಮಲಗಿ ಬೆಳಗ್ಗೆ ಬರುತ್ತೇನೆ.’

ಇದಕ್ಕೂ ನಾನು ಬೇಡವೆಂದೆ. ಏಕೆ? ಬೆಂಗಳೂರಿನ ಕಚೇರಿ ಕೊಟ್ಟ ಹಾಳೆಯಲ್ಲಿ ಮರುದಿನ ಆರೂವರೆಗೆ ಹೊರಡಬೇಕು ಎಂದಿತ್ತು. ಅವರು ಏಳಕ್ಕೋ ಏಳೂವರೆಗೋ ಬಂದರೆ ನನ್ನ ವರದಿಯಲ್ಲಿ ಒಂದು ಗಂಟೆ ತಡ ಬೀಳುತ್ತಿತ್ತು. ಹಿರಿಯರ ತಲೆನೋವಿಗೂ ಈ ಎರಡನೆಯ ನಿರಾಕರಣೆಗೂ ಏನೇನೂ ಸಂಬಂಧವಿರಲಿಲ್ಲ. ಆದರೆ ಮೊದಲ ‘ಇಲ್ಲ’ದ ಬಿಸಿಯಲ್ಲಿ ಎರಡನೆಯ ‘ಇಲ್ಲ’ವೂ ನ್ಯಾಯದಂತೆಯೇ ಕಂಡಿತು. ಅಚೋ ಲೇ ಮತ್ತೆ ಏನೂ ಹೇಳಲಿಲ್ಲ. ಕುದುರೆಗಳ ಕಾಲಿಗೆ ಹಗ್ಗ ಹಾಕಿದರು, ಉಳಿದಿದ್ದ ಬಾರ್ಲಿಯನ್ನು ಮುಷ್ಟಿ ಮುಷ್ಟಿ ಹಂಚಿದರು. ಮೇವು ಹೊರುವುದಕ್ಕೆ ಹನ್ನೆರಡನೆಯ ಕುದುರೆ ಬೇಕೆಂದು ಅವರು ಮೊದಲೇ ಕೇಳಿದ್ದರು, ಕಚೇರಿ ಅದನ್ನು ಖರ್ಚಿನ ಪಟ್ಟಿಯಿಂದ ಹೊಡೆದುಹಾಕಿತ್ತು.

ಊಟಕ್ಕೆ ನಾವು ಅನ್ನ, ರಾಜ್ಮಾ, ಹಪ್ಪಳ ಉಂಡೆವು. ಸಿರ್ಸಿ ಕಡೆಯ ನಮ್ಮ ಮನೆಯಲ್ಲಿ ಕೊಟ್ಟಿಗೆಗೆ ಅಕ್ಕಚ್ಚು ಹೋಗದೆ ಅಮ್ಮ ಯಾರಿಗೂ ಬಾಳೆ ಹಾಕುತ್ತಿರಲಿಲ್ಲ. ಅದು ಆ ರಾತ್ರಿ ನೆನಪಾಯಿತು ಎಂದರೆ ಸುಳ್ಳಾದೀತು. ನೆನಪಾದದ್ದು ಮರುದಿನ.

ಹತ್ತು ಗಂಟೆಯವರೆಗೆ ಕೊರಳ ಗಂಟೆ ಕೇಳುತ್ತಿತ್ತು. ಆಮೇಲೆ ನಿಂತಿತು. ಒಳ್ಳೆಯದಾಯಿತು, ಹಿರಿಯರಿಗೆ ನಿದ್ದೆ ಬರಲಿ ಎಂದುಕೊಂಡು ಮಲಗಿದೆ.

ಬೆಳಗ್ಗೆ ಐದಕ್ಕೆ ಎದ್ದಾಗ ಕಣಿವೆಯಲ್ಲಿ ಒಂದು ಕುದುರೆಯೂ ಇರಲಿಲ್ಲ. ಇಬ್ಬರು ಕುದುರೆಯವರೂ ಇರಲಿಲ್ಲ. ನಾಲ್ಕಕ್ಕೇ ಹುಡುಕುತ್ತ ಹೊರಟುಹೋಗಿದ್ದರಂತೆ. ಅಡುಗೆಯವನು ಚಹಾ ಕಾಯಿಸಿದ. ಏಳಾಯಿತು, ಒಂಬತ್ತಾಯಿತು. ಡೇರೆಗಳನ್ನು ಮಡಚಿ ಚೀಲಕ್ಕೆ ತುಂಬಿ ಅದರ ಮೇಲೆ ಚಾರಣಿಗರು ಸಾಲಾಗಿ ಕೂತಿದ್ದರು, ಬಸ್ ತಪ್ಪಿದ ಮದುವೆ ದಿಬ್ಬಣದಂತೆ. ಹನ್ನೊಂದೂವರೆಗೆ ಲಾದ ಕಡೆಯಿಂದ ದೂಳು ಕಂಡಿತು. ಕುದುರೆಗಳು ನಾವು ಇಳಿದು ಬಂದ ಘಟ್ಟವನ್ನೇ ರಾತ್ರಿಯಲ್ಲಿ ಹತ್ತಿ ಇಳಿದು, ಹಿಂದಿನ ದಿನ ಮೇದಿದ್ದ ನುರುಚೆನ್ ಹುಲ್ಲಿನಲ್ಲಿ ಹೋಗಿ ನಿಂತಿದ್ದವು. ಒಂದರ ಮುಂಗಾಲಿನ ಚರ್ಮ ಹಗ್ಗ ಉಜ್ಜಿ ಕಿತ್ತುಬಂದಿತ್ತು. ಅಚೋ ಲೇ ನನ್ನ ಕಡೆ ನೋಡದೆ ಅದರ ಕಾಲು ತೊಳೆಯಲು ಕೂತರು.

ಆ ದಿನ ಹೊರಡಲಿಲ್ಲ. ಕೈಯಲ್ಲಿದ್ದ ಒಂದು ಹೆಚ್ಚುವರಿ ದಿನ ಅಲ್ಲೇ ಕರಗಿತು. ಸಂಜೆ ನಾನು ವರದಿ ಬರೆದೆ, ಆ ಮೂರು ಪದ ಬರೆದೆ. ಲೇಹ್‌ಗೆ ಬಂದ ಮೇಲೆ ತಿಳಿಯಿತು, ‘ಪ್ರಾಣಿಗಳ ನಿರ್ವಹಣೆಯಲ್ಲಿ ಲೋಪ’ ಎಂದು ಕಚೇರಿ ಕುದುರೆಯವರ ಒಂದು ದಿನದ ಬಾಡಿಗೆ ಹಿಡಿದಿದೆ. ಹನ್ನೊಂದು ಕುದುರೆಯ ಬಾಡಿಗೆ. ಅವರ ಬೇಸಿಗೆ ಇರುವುದೇ ಮೂರು ತಿಂಗಳು.

ಆಮೇಲೆ ಕೂತು ಒಂದು ಲೆಕ್ಕ ಮಾಡಿದೆ. ಮೊದಲೇ ಮಾಡಬೇಕಾಗಿದ್ದ ಲೆಕ್ಕ. ಆ ಕಡೆಯ ಕುದುರೆ ಸುಮಾರು 300 ಕಿಲೋ ತೂಗುತ್ತದೆ. ಕುದುರೆಗೆ ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡರಷ್ಟು ಒಣಮೇವು ಬೇಕು, ಅಂದರೆ ಆರು ಕಿಲೋ. ಹನ್ನೊಂದಕ್ಕೆ 66 ಕಿಲೋ, ಒಂದು ಕುದುರೆ ಹೊರುವುದಕ್ಕಿಂತ ಹೆಚ್ಚು. ಎಂಟು ದಿನದ ಮೇವು ಹೊರಿಸಬೇಕೆಂದರೆ ಇನ್ನೂ ಒಂಬತ್ತು ಕುದುರೆ ಬೇಕು, ಆ ಒಂಬತ್ತಕ್ಕೂ ಮೇವು ಬೇಕು. ಮುಗಿಯದ ಲೆಕ್ಕ. ಬಾರ್ಲಿಯನ್ನೇ ಹೆಚ್ಚು ಹಾಕೋಣವೆಂದರೆ ಹೊಟ್ಟೆನೋವು ಬರುತ್ತದೆ, ಕುದುರೆಗೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ, ಹೊಟ್ಟೆನೋವಿನಲ್ಲೇ ಸಾಯಬಹುದು. ದನದಂತೆ ಒಮ್ಮೆ ತಿಂದು ಮಲಗಿ ಮೆಲುಕು ಹಾಕುವ ಪ್ರಾಣಿಯೂ ಅಲ್ಲ; ಸ್ವಲ್ಪ ಸ್ವಲ್ಪವಾಗಿ ದಿನದ ಹೆಚ್ಚು ಪಾಲು ಮೇಯುತ್ತಲೇ ಇರಬೇಕು. ಹಗಲೆಲ್ಲ ಹೇರು ಹೊತ್ತ ಕುದುರೆಗೆ ಮೇಯಲು ಉಳಿಯುವುದು ರಾತ್ರಿ ಮಾತ್ರ. ಅಂದರೆ ನಾವು ಡೇರೆ ಹಾಕಿ ‘ಇವತ್ತಿನ ಕೆಲಸ ಮುಗಿಯಿತು’ ಎಂದು ಚಹಾ ಕುಡಿಯುವಾಗ ಅದರ ಕೆಲಸ ಶುರುವಾಗುತ್ತದೆ. ನಾನು ಆರಿಸಿದ ಜಾಗದಲ್ಲಿ ಆ ಕೆಲಸ ಮಾಡಲು ಏನೂ ಇರಲಿಲ್ಲ. ಅವು ತಪ್ಪಿಸಿಕೊಂಡಿರಲಿಲ್ಲ, ಊಟಕ್ಕೆ ಹೋಗಿದ್ದವು.

ಕಚೇರಿಗೆ ಎರಡನೆಯ ವರದಿ ಬರೆದೆ. ಕುದುರೆಯವರು ಎರಡು ದಾರಿ ಸೂಚಿಸಿದ್ದರು, ಎರಡನ್ನೂ ಬೇಡವೆಂದವನು ನಾನು, ಎರಡನೆಯದನ್ನು ಬೇಡವೆಂದದ್ದಕ್ಕೆ ಕಾರಣ ವೇಳಾಪಟ್ಟಿ ಬಿಟ್ಟರೆ ಬೇರೆ ಇರಲಿಲ್ಲ ಎಂದು ಬರೆದೆ. ಒಂದು ವಾರ ಉತ್ತರವಿಲ್ಲ. ಆಮೇಲೆ ಫೋನ್ ಬಂತು: ‘ಇದನ್ನು ಬರಹದಲ್ಲಿ ಏಕೆ ಕೊಟ್ಟಿರಿ?’ ಮೊದಲನೆಯದನ್ನೂ ಬರಹದಲ್ಲೇ ಕೊಟ್ಟಿದ್ದೆನಲ್ಲ ಎಂದೆ. ಹಣ ಮರುವರ್ಷ ಜೂನ್‌ನಲ್ಲಿ ಸಂದಾಯವಾಯಿತು. ನಡುವಿನ ಚಳಿಗಾಲವನ್ನು ಅವರು ಆ ಹಣವಿಲ್ಲದೆ ಕಳೆದರು, ಅದನ್ನು ಯಾವ ವರದಿಯೂ ತಿದ್ದಲಾರದು.

ಈಗ ನಾನು ಮಾಡುವುದು ಇಷ್ಟು. ಮಧ್ಯಾಹ್ನವೇ ಕುದುರೆಯವರನ್ನು ಕೇಳುತ್ತೇನೆ, ಇವತ್ತು ಹುಲ್ಲು ಎಲ್ಲಿ ಎಂದು. ನಮ್ಮ ಡೇರೆಗೂ ಕುದುರೆಗಳಿಗೂ ಒಂದೇ ಜಾಗ ಹೊಂದದಿದ್ದರೆ ಅವು ಬೇರೆ ಕಡೆ ಹೋಗಲಿ; ಬೆಳಗ್ಗೆ ಹೊರಡುವ ಹೊತ್ತನ್ನು ನಾನೇ ಎಂಟಕ್ಕೆ ಬರೆದುಬಿಡುತ್ತೇನೆ. ಆ ಹುಲ್ಲು ಚಾಂಗ್ಪಾಗಳ ಮೇಕೆಗಳ ಹುಲ್ಲೂ ಹೌದು, ಕೇಳದೆ ಕುದುರೆ ಬಿಡುವುದು ಬೇರೆಯವರ ಗದ್ದೆಗೆ ದನ ಬಿಟ್ಟಂತೆ. ಅದನ್ನು ಕೇಳುವುದಕ್ಕೂ ಸಮಯ ಹಿಡಿಯುತ್ತದೆ, ಉಪ್ಪು ಹಾಕಿದ ಬೆಣ್ಣೆ ಚಹಾ ಎರಡು ಬಟ್ಟಲಾದರೂ ಕುಡಿಯಬೇಕು. ಖರ್ಚಿನ ಪಟ್ಟಿಯಲ್ಲಿ ‘ಮೇವಿನ ಕುದುರೆ–1’ ಎಂಬ ಸಾಲು ಇದೆ. ಅದರ ಮೇಲೆ ಬಾರ್ಲಿ, ಒಣಗಿಸಿದ ಲೂಸರ್ನ್. ಲೂಸರ್ನ್ ಎಂದರೆ ನಮ್ಮ ಕಡೆ ರೈತರು ಕುದುರೆ ಮಸಾಲೆ ಎನ್ನುವ ಮೇವು. ಹುಲ್ಲು ಸಿಗದ ಒಂದೆರಡು ರಾತ್ರಿ ಕುದುರೆಗಳನ್ನು ಸಮಾಧಾನಪಡಿಸಲು ಅದು ಸಾಕು. ಪ್ರತಿ ವರ್ಷ ಕಚೇರಿಯ ಯಾರೋ ಒಬ್ಬರು ಇದೇನು ಎಂದು ಕೇಳುತ್ತಾರೆ. ಪ್ರತಿ ವರ್ಷ ಎರಡನೆಯ ವರದಿಯ ಪ್ರತಿ ಕಳಿಸುತ್ತೇನೆ.

ಅಚೋ ಲೇ ಮಾರನೆಯ ವರ್ಷವೂ ನಮ್ಮ ತಂಡಕ್ಕೆ ಬಂದರು. ಬರುವುದಿಲ್ಲ ಎಂದುಕೊಂಡಿದ್ದೆ. ನುರುಚೆನ್‌ನಲ್ಲಿ ತಂಗಿದ್ದ ರಾತ್ರಿ ಹನ್ನೊಂದರ ಹೊತ್ತಿಗೆ ಗಂಟೆಯ ಸದ್ದು ನಿಂತಿತು. ನಾನು ಎದ್ದೆ, ಟಾರ್ಚ್ ಹಿಡಿದು ಬೂಟಿನ ದಾರ ಕಟ್ಟದೆಯೇ ಹೊರಗೆ ಬಂದೆ. ಅಡುಗೆ ಡೇರೆಯ ಮುಂದೆ ಕಂಬಳಿ ಹೊದ್ದು ಕೂತಿದ್ದ ಅವರು, ದೀಪ ಆರಿಸಿ ಎಂಬಂತೆ ಕೈ ಆಡಿಸಿದರು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕಂಡಿತು, ಗಂಟೆಯ ಕುದುರೆ ಹುಲ್ಲಿನ ಮೇಲೆ ಪಕ್ಕಕ್ಕೆ ಒರಗಿ ಮಲಗಿತ್ತು. ಕುದುರೆ ನಿಂತೇ ತೂಕಡಿಸುವುದು ಗೊತ್ತಿತ್ತು, ಹೀಗೆ ಮೈಚಾಚಿ ಮಲಗಿದ್ದನ್ನು ನಾನು ನೋಡಿರಲಿಲ್ಲ. ಅದರ ಪಕ್ಕ ಇನ್ನೊಂದು ಕುದುರೆ ಕಿವಿ ನೆಟ್ಟಗೆ ಮಾಡಿ ಕಾವಲು ನಿಂತಿತ್ತು.

‘ಹೊಟ್ಟೆ ತುಂಬಿದೆ ಸರ್’ ಎಂದರು ಅಚೋ ಲೇ. ‘ನೀವೂ ಮಲಗಿ.’