‘ಮತ್ತು’ ತೆಗೆದ ಬೋರ್ಡು

ಇಲ್ಲಿ ಕೆನಡಾದಲ್ಲಿ ದಿನಸಿ ಅಂಗಡಿ ಇಟ್ಟಿರುವ ಹಾಸನದ ಅಣ್ಣ ಜೂನ್‌ನಲ್ಲಿ ಫೋನ್ ಮಾಡುವ ಹೊತ್ತಿಗೆ ಹಳೆ ಬೋರ್ಡು ಗುಜರಿ ಸೇರಿತ್ತು.

“ತುಕ್ಕು ಹಿಡಿದಿತ್ತು ಕಣಮ್ಮ. ಭಾನುವಾರ ಇಬ್ಬರು ಹುಡುಗರನ್ನ ಹತ್ತಿಸಿ ಇಳಿಸಿಬಿಟ್ಟೆ. ಹೊಸದು ಯಾವಾಗ ಹಾಕ್ತೀರ?”

ನಾನು ಹಣೆ ಚಚ್ಚಿಕೊಂಡೆ. ಟೊರಾಂಟೊದಿಂದ ಸ್ವಲ್ಪ ದೂರದ ಒಂದು ಊರಿನಲ್ಲಿ, ಅಂಗಡಿ ಬೋರ್ಡು ಮಾಡುವ ಕಂಪನಿಯಲ್ಲಿ ನನ್ನ ಕೆಲಸ. ಬೋರ್ಡು ಮಾಡುವವಳಲ್ಲ, ಅದಕ್ಕೆ ಪರ್ಮಿಟ್ ತರುವವಳು. ಈ ಕೆಲಸದಲ್ಲಿ ಮೊದಲು ಕಲಿಯುವ ಪಾಠ ಒಂದೇ: ಹಳೆ ಬೋರ್ಡನ್ನು ಕೇಳದೆ ಇಳಿಸಬೇಡಿ.

ಕಾರಣ ಇದೆ. ನಮ್ಮ ಪ್ರಾಂತ್ಯ ಒಂಟಾರಿಯೊದ 2001ರ ಮುನಿಸಿಪಲ್ ಆಕ್ಟ್‌ನ 99ನೇ ಸೆಕ್ಷನ್ ಪ್ರಕಾರ, ಬೈಲಾ (ನಗರಸಭೆ ಮಾಡುವ ಸ್ಥಳೀಯ ನಿಯಮ) ಬರುವ ಮುಂಚೆ ಕಾನೂನುಬದ್ಧವಾಗಿ ಹಾಕಿದ ಬೋರ್ಡಿಗೆ ಹೊಸ ಬೈಲಾ ಅನ್ವಯ ಆಗಲ್ಲ. ಅದನ್ನು ದೊಡ್ಡದಾಗಿ ಬದಲಾಯಿಸಬಾರದು, ಅಷ್ಟೆ. ರಿಪೇರಿ ಮಾಡಬಹುದು. ಅದರ ಮೇಲಿನ ಬರಹ ಬದಲಾಯಿಸಿದರೂ ಅದು ‘ಬದಲಾವಣೆ’ ಅಲ್ಲ ಅಂತ ಕಾನೂನೇ ಹೇಳುತ್ತದೆ. ಅಂದರೆ ಹಿಂದಿನ ಮಾಲೀಕರು ಹಾಕಿಸಿದ್ದ ಆ ತುಕ್ಕು ಹಿಡಿದ, ಒಳಗೆ ಲೈಟಿರುವ ಡಬ್ಬದ ಬೋರ್ಡು ಈಗಿನ ಮಿತಿಗಿಂತ ಎಷ್ಟೇ ದೊಡ್ಡದಿದ್ದರೂ ಪರವಾಗಿರಲಿಲ್ಲ. ಅದಕ್ಕೆ ಬಣ್ಣ ಹೊಡೆದು, ಮುಂದಿನ ಅಕ್ರಿಲಿಕ್ ಹಾಳೆ ಮಾತ್ರ ಹೊಸದು ಹಾಕಿದ್ದರೆ ಕೆಲಸ ಮುಗಿಯುತ್ತಿತ್ತು. ಡಬ್ಬ ಇಳಿದ ದಿನವೇ ಆ ಹಕ್ಕೂ ಇಳಿಯಿತು.

“ಡಬ್ಬಕ್ಕೂ ಹಕ್ಕಾ?” ಅಂದರು ಅಣ್ಣ. ಇತ್ತು ಅಣ್ಣ. ನಿಮಗಿಂತ ಜಾಸ್ತಿ ಇತ್ತು.

ಕಟ್ಟಡ ಎರಡು ಮಹಡಿಯದು. ಕೆಂಪು ಇಟ್ಟಿಗೆ, ಮೂಲೆ ಜಾಗ. ಕೆಳಗೆ ಅಣ್ಣನ ದಿನಸಿ ಅಂಗಡಿ ಮತ್ತು ಬಟ್ಟೆ ಒಗೆಯುವ ಲಾಂಡ್ರಿ, ಮೇಲೆ ಲೆಕ್ಕಪತ್ರದವರ ಆಫೀಸು. ಮುಂದೆ ಕಾರು ನಿಲ್ಲಿಸುವ ಜಾಗ. ಅದರಾಚೆ ಫುಟ್‌ಪಾತ್, ಅದರ ಅಂಚಿಗೆ ನಗರಸಭೆಯವರೇ ನೆಟ್ಟ ಎರಡು ಮೇಪಲ್ ಮರ. ರಸ್ತೆಯಿಂದ ಗೋಡೆಗೆ ಸುಮಾರು 36 ಮೀಟರ್.

ಬೈಲಾ ಪ್ರಕಾರ ಬೋರ್ಡು ಕೆಳಮಹಡಿಯ ಗೋಡೆಯಲ್ಲೇ ಇರಬೇಕು, ಅಳತೆಯೂ ಅಂಗಡಿಯ ಅಗಲಕ್ಕೆ ತಕ್ಕಷ್ಟೇ. ಅಣ್ಣನಿಗೆ ಬೇಕಿದ್ದದ್ದು ಎರಡು ಮಹಡಿಯ ನಡುವಿನ ಪಟ್ಟಿಯಲ್ಲಿ, ಸ್ವಲ್ಪ ದೊಡ್ಡದು. ಎರಡಕ್ಕೂ ವೇರಿಯನ್ಸ್ ಬೇಕು. ನಿಯಮ ಹೀಗಿದೆ, ನಮಗೆ ಇಷ್ಟು ಸಡಿಲ ಮಾಡಿಕೊಡಿ ಅಂತ ಕೇಳುವ ಅರ್ಜಿ ಅದು. ಮನೆ ಕಟ್ಟುವಾಗ ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಜಾಗ) ಸ್ವಲ್ಪ ಆಚೀಚೆ ಆದರೆ ಹೋಗುವ ಕಮಿಟಿ ಬೇರೆ, ಇದು ಬೇರೆ. ಜನ ಅಲ್ಲಿಗೆ ಹೋಗಿ ಬರಿಗೈಲಿ ಬರುತ್ತಾರೆ. ಆ ಕಮಿಟಿ ನಡೆಯುವುದು ಪ್ಲಾನಿಂಗ್ ಆಕ್ಟ್ ಕೆಳಗೆ, ಬೋರ್ಡಿನ ಬೈಲಾ ಅದರ ಕೆಳಗೆ ಬರುವುದೇ ಇಲ್ಲ.

ನಮ್ಮ ಅಪ್ಪ ತಿಪಟೂರಿನಲ್ಲಿ ಬೋರ್ಡು ಬರೆಯುತ್ತಿದ್ದರು. ಸೀಮೆಸುಣ್ಣ ಸವರಿದ ದಾರ ಎಳೆದು ಟಪ್ ಅಂತ ಬಿಟ್ಟು ಗೆರೆ ಹಾಕುವುದು, ಎನಾಮೆಲ್ ಪೇಂಟು, ಮೂಲೆಯಲ್ಲಿ ಪುಟ್ಟದಾಗಿ ಸಹಿ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನಲ್ಲಿ ಫ್ಲೆಕ್ಸ್ ಕಿತ್ತು ಹಾಕಿದಾಗ ಅಪ್ಪ ಟಿವಿ ಮುಂದೆ ಕೂತು ಎರಡು ಸಲ ಕಾಫಿ ಕುಡಿದರಂತೆ. ಅವರಿಗೆ ವೇರಿಯನ್ಸ್ ವಿಷಯ ಹೇಳಿದೆ.

“ಗೋಡೆ ಅವನದು, ದುಡ್ಡು ಅವನದು. ಮಧ್ಯದಲ್ಲಿ ಇವರು ಯಾರು?”

ಸರಿಯಾದ ಪ್ರಶ್ನೆಯೇ. ಅಣ್ಣನೂ ಅದನ್ನೇ ಕೇಳಿದ್ದರು. ಅವರು ತಾವೇ ಬರೆದ ಮೊದಲ ಕಾರಣಪತ್ರದಲ್ಲಿ ವ್ಯಾಪಾರ ಕಮ್ಮಿ ಆಗಿದೆ, ಬಾಡಿಗೆ ಜಾಸ್ತಿ ಆಗಿದೆ ಅಂತೆಲ್ಲ ಇತ್ತು. ಓದಿದರೆ ಪಾಪ ಅನ್ನಿಸುತ್ತದೆ. ಆದರೆ ಇಲ್ಲಿ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಟೊರಾಂಟೊ ನಗರದ ಬೈಲಾ ನೋಡಿ, ಅಧ್ಯಾಯ 694. ವೇರಿಯನ್ಸ್ ಸಿಗಬೇಕಾದರೆ ಒಂಬತ್ತು ಪರೀಕ್ಷೆ, ಒಂಬತ್ತೂ ಪಾಸಾಗಬೇಕು. ಸುತ್ತಲಿನ ಜಾಗಕ್ಕೆ ಹೊಂದುತ್ತದಾ? ಪಕ್ಕದವರಿಗೆ ತೊಂದರೆಯಾ? ಕಾರು ಓಡಿಸುವವರಿಗೆ, ನಡೆಯುವವರಿಗೆ ಅಪಾಯವಾ? ಮಾಲೀಕನಿಗೆ ಲಾಭವಾ ಅಂತ ಯಾರೂ ಕೇಳಲ್ಲ. ನಮ್ಮ ಊರಿನ ಪಟ್ಟಿ ಇನ್ನೂ ಚಿಕ್ಕದು, ಆದರೆ ಧಾಟಿ ಅದೇ.

ಹಾಗಾಗಿ ಮರವನ್ನು ಹಿಡಿದುಕೊಂಡೆ.

ಜುಲೈ ತಿಂಗಳ ಒಂದು ಬೆಳಿಗ್ಗೆ ರಸ್ತೆಯ ಎರಡೂ ಕಡೆಯಿಂದ, ಡ್ರೈವರ್ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಹಿಡಿದು ಫೋಟೊ ತೆಗೆದೆ. ಬೈಲಾ ಹೇಳುವ ಜಾಗ ಪೂರ್ತಿ ಎಲೆ ಹಿಂದೆ. ಎರಡು ಮಹಡಿಯ ನಡುವಿನ ಪಟ್ಟಿ ಮಾತ್ರ ಎರಡು ಮರಗಳ ಸಂದಿಯಲ್ಲಿ ಕಾಣುತ್ತದೆ. ಅಲ್ಲಿ ವಾಹನಗಳ ವೇಗ 60 ಕಿಲೋಮೀಟರ್. ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್. ನಮ್ಮ ಕಸುಬಿನಲ್ಲಿ ಒಂದು ಸರಳ ಲೆಕ್ಕ ಇದೆ: ಅಕ್ಷರ ಒಂದು ಇಂಚು ಎತ್ತರ ಇದ್ದರೆ ಹತ್ತು ಅಡಿ ದೂರಕ್ಕೆ ಚೆನ್ನಾಗಿ ಓದಬಹುದು. 36 ಮೀಟರ್ ಅಂದರೆ ಸುಮಾರು 120 ಅಡಿ, ಹನ್ನೆರಡು ಇಂಚಿನ ಅಕ್ಷರ ಬೇಕು. ಬೈಲಾ ಮಿತಿಯೊಳಗೆ ಅದು ಕೂರುವುದಿಲ್ಲ. ಮರ ನಿಮ್ಮದು, ದೂರ ಈ ಜಾಗದ್ದು, ಎರಡೂ ನಾವು ಮಾಡಿದ್ದಲ್ಲ. ಅಷ್ಟೇ ಬರೆದೆ. ಬಾಡಿಗೆ ವಿಷಯ ಪೂರ್ತಿ ತೆಗೆದುಹಾಕಿದೆ.

ತಕರಾರು ಬಂದದ್ದು ಕನ್ನಡದಿಂದ.

ಇಂಗ್ಲಿಷ್ ಹೆಸರಿನ ಕೆಳಗೆ ಒಂದು ಸಾಲು ಕನ್ನಡ ಇರಲೇಬೇಕು ಅಂತ ಅಣ್ಣನ ಹಟ. ಅದಕ್ಕೆ ಅಡ್ಡಿ ಇಲ್ಲ, ನಮ್ಮ ಊರಿನಲ್ಲಿ ಅಂಗಡಿ ಬೋರ್ಡಿಗೆ ಭಾಷೆಯ ನಿಯಮ ಇಲ್ಲ. (ಊರಲ್ಲಿ ಎಲ್ಲರೂ ಕೇಳುತ್ತಾರೆ, ಅಲ್ಲೂ 60 ಪರ್ಸೆಂಟ್ ಇದೆಯಾ ಅಂತ. ಪಕ್ಕದ ಕ್ವಿಬೆಕ್‌ನಲ್ಲಿ ಅದಕ್ಕಿಂತ ಬಿಗಿ ಇದೆ. 2025ರ ಜೂನ್ 1ರಿಂದ ಬೇರೆ ಭಾಷೆಯ ಟ್ರೇಡ್‌ಮಾರ್ಕ್ ಹಾಕಿದರೆ ಫ್ರೆಂಚ್‌ಗೆ ಅದರ ಎರಡು ಪಟ್ಟು ಜಾಗ ಕೊಡಬೇಕು.) ತೊಂದರೆ ಅಳತೆಯದ್ದು. ಬಿಡಿ ಅಕ್ಷರಗಳ ಬೋರ್ಡಿನ ವಿಸ್ತೀರ್ಣ ಲೆಕ್ಕ ಹಾಕುವಾಗ ಬರಹದ ಸುತ್ತ ಒಂದು ಚೌಕ ಎಳೆಯುತ್ತಾರೆ. ಇಂಗ್ಲಿಷ್ ದೊಡ್ಡಕ್ಷರ ಇಟ್ಟಿಗೆ ಇಟ್ಟ ಹಾಗೆ ಸಮ ನಿಲ್ಲುತ್ತದೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಅಣ್ಣ ಬರೆದುಕೊಟ್ಟದ್ದು ‘ದಿನಸಿ ಮತ್ತು ತರಕಾರಿ’. ಆ ಒಂದು ‘ತ್ತು’ ಕೆಳಗೆ ಇಳಿದು, ಇಡೀ ಸಾಲಿನ ಉದ್ದಕ್ಕೂ ಚೌಕವನ್ನು ಒಂದು ಗೇಣು ಕೆಳಗೆ ಎಳೆಯಿತು. ಒಂದು ಅಕ್ಷರಕ್ಕೋಸ್ಕರ ಖಾಲಿ ಗೋಡೆಯೂ ನಮ್ಮ ಲೆಕ್ಕಕ್ಕೆ ಬಂತು. ಕಡತ ನೋಡುತ್ತಿದ್ದ ಆಫೀಸರಮ್ಮ ಒಳ್ಳೆಯವರೇ, ಆದರೆ ಇಷ್ಟು ದೊಡ್ಡದಕ್ಕೆ ಶಿಫಾರಸು ಮಾಡಲ್ಲ ಅಂದುಬಿಟ್ಟರು.

ಒತ್ತಕ್ಷರವನ್ನು ಕುಗ್ಗಿಸಿ ನೋಡಿದೆ. ಅಸಹ್ಯವಾಗಿತ್ತು. ರಾತ್ರಿ ಅಪ್ಪನಿಗೆ ಡ್ರಾಯಿಂಗ್ ವಾಟ್ಸಾಪ್ ಮಾಡಿದೆ. ಅಲ್ಲಿ ಬೆಳಗಿನ ಏಳು. ಎರಡೇ ನಿಮಿಷಕ್ಕೆ ಉತ್ತರ.

“ಮತ್ತು ತೆಗಿ. ಚುಕ್ಕಿ ಇಡು.”

ದಿನಸಿ · ತರಕಾರಿ. ಒಂದೂ ಒತ್ತು ಇಲ್ಲ. ಐದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ನನಗೆ ಹೊಳೆದಿರಲಿಲ್ಲ. ಗೋಡೆಯ ಅಗಲಕ್ಕೆ ಪದ ಹೊಂದಿಸಿ ಬದುಕಿದವರಿಗೆ ಇದೆಲ್ಲ ಲೆಕ್ಕವೇ ಅಲ್ಲ ಬಿಡಿ.

ಅಕ್ಟೋಬರ್‌ನಲ್ಲಿ ಕೌನ್ಸಿಲ್ ಕಮಿಟಿ ಸಭೆ. ಅಣ್ಣ ಕೋಟು ಹಾಕಿಕೊಂಡು ಬಂದಿದ್ದರು. ನಾಯಿ ಪಾರ್ಕಿನ ಬೇಲಿ ಬಗ್ಗೆ ಒಂದೂವರೆ ಗಂಟೆ ಚರ್ಚೆ ಆಯಿತು, ಅದನ್ನು ಇಲ್ಲಿ ಬರೆಯಲ್ಲ. ನಮ್ಮ ಸರದಿ ಬಂದಾಗ ಎದುರಿನ ಫ್ಲ್ಯಾಟಿನ ಅಜ್ಜಿ ಎದ್ದು ನಿಂತರು. ಗೋಡೆಗೆ ಅಂಟಿಸಿದ ನೋಟಿಸು ಓದಿ ಬಂದಿದ್ದರು. ಹಳೆ ಡಬ್ಬ ರಾತ್ರಿಯಿಡೀ ಉರಿಯುತ್ತಿತ್ತಂತೆ. ಮಲಗುವ ಕೋಣೆಯ ಪರದೆಗೆ ಕಪ್ಪು ಬಟ್ಟೆ ಹೊಲಿಸಿಕೊಂಡಿದ್ದರಂತೆ. ಅದು ಹೋದ ಮೇಲೆ ಚೆನ್ನಾಗಿ ನಿದ್ದೆ ಬಂತು ಅಂದರು.

ಅಣ್ಣ ನನ್ನ ಕಡೆ ನೋಡಿದರು. ನಾನು ಡ್ರಾಯಿಂಗ್ ತೋರಿಸಿದೆ. ಇದರಲ್ಲಿ ಡಬ್ಬ ಇಲ್ಲ, ಬಿಡಿ ಅಕ್ಷರ. ಬೆಳಕು ಮುಂದಕ್ಕೆ ಬರಲ್ಲ, ಹಿಂದಿನ ಗೋಡೆ ಮೇಲೆ ಬೀಳುತ್ತದೆ. ಅಣ್ಣ ತಾವೇ ಎದ್ದು, “ಹತ್ತು ಗಂಟೆಗೆ ಆರಿಸ್ತೀನಿ” ಅಂದರು. ಅರ್ಜಿಯಲ್ಲಿ ಹನ್ನೊಂದು ಅಂತ ಇತ್ತು. ಕಮಿಟಿ ಹತ್ತನ್ನೇ ಷರತ್ತಾಗಿ ಬರೆದುಕೊಂಡು ಪಾಸು ಮಾಡಿತು. ಒಟ್ಟು ಆರು ನಿಮಿಷ.

ಅಪ್ಪನ ಪ್ರಶ್ನೆಗೆ ಉತ್ತರ ಆ ಅಜ್ಜಿ. ಫೋನಿನಲ್ಲಿ ಹೇಳಿದೆ. ಅವರು “ಹ್ಞೂಂ” ಅಂದು, ನಮ್ಮ ಕಾಲದ ಬೋರ್ಡಿಗೆ ಲೈಟೇ ಇರಲಿಲ್ಲ ಅಂದರು.

ಹೋದ ವಾರ, ಹಿಮ ಬೀಳುವ ಮುಂಚೆ, ಅಕ್ಷರ ಏರಿಸಿದರು. ಫೋಟೊ ಕಳಿಸಿದೆ. ಚೆನ್ನಾಗಿದೆ ಅಂತ ಅಪ್ಪ ಹೇಳಲಿಲ್ಲ. “ತರಕಾರಿಯಲ್ಲಿ ರ ಆದ ಮೇಲೆ ಜಾಗ ಜಾಸ್ತಿ ಬಿಟ್ಟಿದ್ದಾರೆ” ಅಂತ ಬರೆದರು.

ಸುಮ್ನೆ ಇರಲಾಗಲಿಲ್ಲ. ಮರುದಿನ ಏಣಿ ಹತ್ತಿ ಟೇಪು ಹಿಡಿದು ನೋಡಿದೆ. 12 ಮಿಲಿಮೀಟರ್ ಜಾಸ್ತಿ ಇತ್ತು.