ಹಿಮ ಬಿದ್ದಾಗ ಜಿಂಕೆ ಕಡಿಮೆ ತಿನ್ನುವುದೇಕೆ

ಅಮೆರಿಕದ ಉತ್ತರ ಮಿನ್ನೆಸೋಟಾದ ಕಾಡಂಚಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಚಳಿಗಾಲದಲ್ಲಿ ಬಿಳಿಬಾಲದ ಜಿಂಕೆಗಳನ್ನು ಕಂಡರೆ ಕನಿಕರ ಹುಟ್ಟಿ, ಒಂದಿಷ್ಟು ಮೆಕ್ಕೆಜೋಳ ಸುರಿಯೋಣವೆನಿಸುವುದು ಸಹಜ. ಆದರೆ ಚಳಿಗಾಲ ಬಂದೊಡನೆ ಈ ಪ್ರಾಣಿಯ ಹಸಿವೇ ತಗ್ಗುತ್ತದೆ. ಎದುರಿಗೆ ಧಾರಾಳವಾಗಿ ಮೇವಿದ್ದರೂ ಅದು ಬೇಸಿಗೆಯಲ್ಲಿ ತಿಂದಷ್ಟು ತಿನ್ನದೆ, ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸುತ್ತ, ಆದಷ್ಟು ಕಡಿಮೆ ನಡೆಯುತ್ತ ದಿನ ನೂಕುತ್ತದೆ.

ಹಿಮದ ಆಳ ಸುಮಾರು 15 ಅಂಗುಲ ದಾಟಿತೆಂದರೆ ಮೇವು ಹುಡುಕುವ ಶ್ರಮವೇ ಮೇವಿನಿಂದ ಸಿಗುವ ಶಕ್ತಿಯನ್ನು ನುಂಗತೊಡಗುತ್ತದೆ. ಇಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ಚಳಿಗಾಲದ ತೀವ್ರತೆಯನ್ನು ಅಳೆಯುವುದೂ ಇದೇ ಗೆರೆಯ ಮೇಲೆ: ಅಷ್ಟು ಹಿಮ ನಿಂತ ಪ್ರತಿ ದಿನಕ್ಕೆ ಒಂದು ಅಂಕ, ಉಷ್ಣಾಂಶ ಸೊನ್ನೆ ಫ್ಯಾರನ್‌ಹೀಟ್ (ಸುಮಾರು ಮೈನಸ್ 18 ಸೆಲ್ಸಿಯಸ್) ಅಥವಾ ಅದಕ್ಕಿಂತ ಕೆಳಗಿಳಿದ ಪ್ರತಿ ದಿನಕ್ಕೆ ಇನ್ನೊಂದು, ಮೊತ್ತ 180 ದಾಟಿದರೆ ಅದು ಕಠಿಣ ಚಳಿಗಾಲ. ಅಂಥ ದಿನಗಳಲ್ಲಿ ಜಿಂಕೆಗಳು ಚಳಿಯಲ್ಲೂ ಹಸಿರಾಗಿರುವ ಸೀಡರ್ ಮರಗಳ ದಟ್ಟ ತೋಪುಗಳಿಗೆ ಸರಿಯುತ್ತವೆ. ಅಲ್ಲಿ ಕೊಂಬೆಗಳೇ ಹಿಮವನ್ನು ತಡೆದುಕೊಳ್ಳುವುದರಿಂದ ನೆಲದ ಮೇಲೆ ಬೀಳುವುದು ಕಡಿಮೆ. ಒಂದೇ ಜಾಡಿನಲ್ಲಿ ಎಲ್ಲವೂ ಓಡಾಡಿ ದಾರಿಯನ್ನು ಗಟ್ಟಿಯಾಗಿ ತುಳಿದಿಟ್ಟುಕೊಳ್ಳುತ್ತವೆ. ಜಾಡಿನ ಪಕ್ಕದ ಮೇಪಲ್ ಚಿಗುರುಕಡ್ಡಿಯನ್ನು ನೋಡಿದರೆ ತುದಿ ನಾರುನಾರಾಗಿ ಹರಿದಿರುತ್ತದೆ, ಏಕೆಂದರೆ ಜಿಂಕೆಯ ಮೇಲ್ದವಡೆಯಲ್ಲಿ ಬಾಚಿಹಲ್ಲುಗಳಿಲ್ಲ. ಚಾಕುವಿನಿಂದ ಕೊಯ್ದಂತೆ ಓರೆಯಾಗಿ ತುಂಡಾಗಿದ್ದರೆ ಅದು ಮೊಲದ ಕೆಲಸ. ಕೈಗೆಟುಕುವುದೆಲ್ಲ ಮುಗಿದ ಮೇಲೆ ತೋಪಿನುದ್ದಕ್ಕೂ ಒಂದೇ ಎತ್ತರದವರೆಗೆ ಹಸಿರು ಮಾಯವಾಗಿರುತ್ತದೆ, ಆಗ ಮೊದಲು ಸೊರಗುವುವು ಕತ್ತು ಚಾಚಿದರೂ ಮೇಲಕ್ಕೆ ಎಟುಕದ ಮರಿಗಳು.

ಗಾಳಿಗೆ ಮುರಿದು ಬೀಳುವ ಕೊಂಬೆಗಳೂ ಅವುಗಳಿಗೆ ಅಂಟಿಕೊಂಡ ಕಲ್ಲುಹೂವೂ ಆಗ ದೊಡ್ಡ ಆಸರೆ. (ಬಂಡೀಪುರದಲ್ಲಿ ಮುಸುವಗಳು ಉದುರಿಸಿದ ಎಲೆಗಳಿಗಾಗಿ ಮರದಡಿ ಕಾಯುವ ಚುಕ್ಕೆ ಜಿಂಕೆಗಳು ನನಗೆ ಇಲ್ಲಿ ನೆನಪಾಗುತ್ತವೆ.) ಹಿಮದ ಮೇಲ್ಪದರ ಹೆಪ್ಪುಗಟ್ಟಿ ಜಿಂಕೆಯ ಭಾರ ತಾಳುವಷ್ಟಾದರೆ ಅದರ ಮೇಲೆ ನಿಂತು ಎತ್ತರದ ಕಡ್ಡಿಗಳನ್ನೂ ತಿನ್ನಬಹುದು, ಪದರ ತೆಳುವಾದರೆ ಗೊರಸು ಕುಸಿಯುತ್ತದೆ, ತೋಳ ಮಾತ್ರ ಮೇಲೆಯೇ ಓಡುತ್ತದೆ.

ಹೀಗಿರುವಾಗ ಜಿಂಕೆಗಳ ಮುಂದೆ ಮೂಟೆಗಟ್ಟಲೆ ಮೆಕ್ಕೆಜೋಳ ಸುರಿಯುವುದನ್ನು ನಾನು ಒಪ್ಪಲಾರೆ. ಕಡ್ಡಿ, ಮೊಗ್ಗುಗಳಿಗೆ ಒಗ್ಗಿದ ಹೊಟ್ಟೆಯ ಸೂಕ್ಷ್ಮಾಣುಜೀವಿಗಳು ಹೊಸ ಆಹಾರಕ್ಕೆ ಹೊಂದಿಕೊಳ್ಳಲು ವಾರಗಳೇ ಬೇಕು. ಒಮ್ಮೆಲೇ ಪಿಷ್ಟ ತುಂಬಿದರೆ ಹೊಟ್ಟೆಯಲ್ಲಿ ಆಮ್ಲ ಏರಿ, ತುಂಬಿದ ಹೊಟ್ಟೆಯಲ್ಲೇ ಜಿಂಕೆ ಸಾಯಬಹುದು. ಅದರ ಬದಲು ಚಳಿಗಾಲದಲ್ಲಿ ಮರ ಕಡಿಯುವವರು ಮೇಪಲ್ ತಲೆಗೊಂಬೆಗಳನ್ನು ಅಲ್ಲಿಯೇ ಬಿಟ್ಟುಹೋದರೆ, ಜಿಂಕೆಗಳು ಆಗಲೇ ತಿನ್ನುತ್ತಿರುವ ಮೇವೇ ಬಾಯಿಯ ಮಟ್ಟಕ್ಕೆ ಇಳಿದಂತಾಗುತ್ತದೆ.